ಮಿನಿ ಪಿಸಿ ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ ನೋಡಿ

ದೊಡ್ಡ ಟವರ್ ಕ್ಯಾಬಿನೆಟ್ ಇಡಲು ಜಾಗವಿಲ್ಲದ ಮನೆಗಳು ಕೆಜಿಎಫ್‌ನಲ್ಲಿ ಬಹಳ. ಗಣಿ ಕಾಲದ ಲೈನ್ ಮನೆಗಳ ಕೋಣೆಗಳು ಚಿಕ್ಕವು. ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಗಳಲ್ಲಿ, ಬಿಲ್ಲಿಂಗ್ ಕೌಂಟರುಗಳಲ್ಲಿ ಪ್ರಿಂಟರ್ ಇಟ್ಟ ಮೇಲೆ ಮೇಜಿನಲ್ಲಿ ಉಳಿಯುವುದು ಒಂದು ಮೊಳ ಜಾಗ. ಹಾಗಾಗಿ ಊಟದ ಡಬ್ಬಿಯಷ್ಟೇ ಇರುವ ಮಿನಿ ಪಿಸಿಗಳ ಕಡೆಗೆ ಜನ ತಿರುಗುತ್ತಿರುವುದು ಸರಿಯಾಗಿಯೇ ಇದೆ. ಮಾನಿಟರ್ ಹಿಂದೆ ತೂಗುಹಾಕಬಹುದು, ಸದ್ದೂ ಕಡಿಮೆ, ಕರೆಂಟ್ ಖರ್ಚೂ ಕಡಿಮೆ.

ಆದರೆ ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆ ‘ಐ5 ಇದೆಯಾ? ಎಷ್ಟಾಗುತ್ತೆ?’ ಎಂಬುದು. ಚಿಕ್ಕ ಡಬ್ಬದ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಒಳಗಿರುವುದರಲ್ಲಿ ಯಾವುದನ್ನು ಮುಂದೆ ಬದಲಾಯಿಸಬಹುದು, ಯಾವುದನ್ನು ಎಂದೆಂದಿಗೂ ಬದಲಾಯಿಸಲಾಗದು? ಬದಲಾಯಿಸಲಾಗದ ಭಾಗಕ್ಕೆ ಇವತ್ತೇ ಧಾರಾಳವಾಗಿ ದುಡ್ಡು ಹಾಕಬೇಕು. ಬದಲಾಯಿಸಬಹುದಾದ ಭಾಗದಲ್ಲಿ ಕೈ ಬಿಗಿ ಹಿಡಿಯಬಹುದು. ವೇಗ, ವಿಸ್ತರಣೆ, ಬೆಲೆ ಮೂರನ್ನೂ ತೂಗಲು ನನಗೆ ಗೊತ್ತಿರುವ ಸರಿಯಾದ ತಕ್ಕಡಿ ಇದೊಂದೇ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ನಮ್ಮಂಥ ಊರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮಿನಿ ಎಂದರೆ ಯಾವ ಮಿನಿ?

ಅಂಗಡಿಯಲ್ಲಿ ‘ಮಿನಿ ಪಿಸಿ’ ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಜಾತಿಯ ಯಂತ್ರಗಳು ಸಿಗುತ್ತವೆ.

ಮೊದಲನೆಯದು ಕಚೇರಿಗಳಿಗೆಂದು ತಯಾರಾದ ಒಂದು ಲೀಟರ್ ಗಾತ್ರದ ಡಬ್ಬ. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊದ ಥಿಂಕ್‌ಸೆಂಟರ್ ಟೈನಿ, ಎಚ್‌ಪಿಯ ಪ್ರೋಡೆಸ್ಕ್ ಮತ್ತು ಎಲೀಟ್‌ಡೆಸ್ಕ್ ಮಿನಿ ಈ ಜಾತಿಯವು. ಉದ್ದಗಲ ಸುಮಾರು 18 ಸೆಂಟಿಮೀಟರ್, ದಪ್ಪ ಮೂರೂವರೆ ಸೆಂಟಿಮೀಟರ್. ಲ್ಯಾಪ್‌ಟಾಪ್ ಥರದ ಅಡಾಪ್ಟರ್ ಹೊರಗಡೆ ಇರುತ್ತದೆ. ದೊಡ್ಡ ಕಂಪನಿಗಳು ನಾಲ್ಕೈದು ವರ್ಷ ಬಳಸಿ ಕೈಬಿಟ್ಟ ಇಂಥ ಯಂತ್ರಗಳೇ ಬೆಂಗಳೂರಿನ ಎಸ್‌.ಪಿ. ರಸ್ತೆಗೆ, ಅಲ್ಲಿಂದ ನಮ್ಮೂರಿಗೆ ‘ರೀಫರ್ಬಿಷ್ಡ್’ ಹೆಸರಿನಲ್ಲಿ ಬರುತ್ತವೆ.

ಎರಡನೆಯದು ಆನ್‌ಲೈನ್‌ನಲ್ಲಿ ಸಿಗುವ ಅಂಗೈಯಗಲದ ಹೊಸ ಡಬ್ಬಗಳು. ಇವುಗಳಲ್ಲಿ ಇಂಟೆಲ್ ಎನ್100 ಥರದ ಪ್ರೊಸೆಸರ್ ಹೆಚ್ಚು. ಈ ಗಾತ್ರವನ್ನು ಜನಪ್ರಿಯ ಮಾಡಿದ್ದು ಇಂಟೆಲ್‌ನ ‘ನಕ್’. 2023ರ ಜುಲೈನಲ್ಲಿ ಇಂಟೆಲ್ ಆ ವ್ಯವಹಾರದಿಂದ ಹಿಂದೆ ಸರಿದು ಏಸಸ್‌ಗೆ ಒಪ್ಪಿಸಿತು.

ಮೂರನೆಯದು ಆಪಲ್‌ನ ಮ್ಯಾಕ್ ಮಿನಿ. 2024ರಲ್ಲಿ ಬಂದ ಎಂ4 ಮಾದರಿ 12.7 ಸೆಂಟಿಮೀಟರ್ ಚೌಕದ, 5 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ.

ನಾಲ್ಕನೆಯದು ‘ಎಸ್‌ಎಫ್‌ಎಫ್’ ಎಂದು ಕರೆಯುವ ಸಣಕಲು ಕ್ಯಾಬಿನೆಟ್. ಇದು ಒಂದು ಲೀಟರ್ ಡಬ್ಬಕ್ಕಿಂತ ಎಂಟು ಪಟ್ಟು ದೊಡ್ಡದು, ಟವರ್‌ಗಿಂತ ಚಿಕ್ಕದು. ಪವರ್ ಸಪ್ಲೈ ಒಳಗೇ ಇರುತ್ತದೆ. ಅರ್ಧ ಎತ್ತರದ ಗ್ರಾಫಿಕ್ಸ್ ಕಾರ್ಡ್ ಹಾಕಲು ಸ್ಲಾಟ್ ಇರುತ್ತದೆ. ಜಾಗ ಉಳಿಯಬೇಕು, ಮುಂದೆ ಕಾರ್ಡ್ ಹಾಕುವ ದಾರಿಯೂ ತೆರೆದಿರಬೇಕು ಎನ್ನುವವರಿಗೆ ಇದು ಮಧ್ಯದ ದಾರಿ.

ವೇಗ ಅಡಗಿರುವುದು ಬಾಲದ ಅಕ್ಷರದಲ್ಲಿ

‘ಐ5’ ಎಂಬ ಮಾತಿನಿಂದ ವೇಗ ತಿಳಿಯುವುದಿಲ್ಲ. ಅದರ ಮುಂದಿನ ಅಂಕಿ ಯಾವ ತಲೆಮಾರು ಎಂಬುದನ್ನು ಹೇಳುತ್ತದೆ, ಕೊನೆಯ ಅಕ್ಷರ ಎಷ್ಟು ಶಾಖಕ್ಕೆ ಕಟ್ಟಿಹಾಕಿದ್ದಾರೆ ಎಂಬುದನ್ನು ಹೇಳುತ್ತದೆ. ಐ5-6500ಟಿ ಆರನೇ ತಲೆಮಾರಿನದು, ನಾಲ್ಕು ಕೋರ್. ಐ5-8500ಟಿ ಎಂಟನೆಯದು, ಆರು ಕೋರ್. ಎರಡರಲ್ಲೂ ಇರುವ ‘ಟಿ’ ಎಂದರೆ 35 ವ್ಯಾಟ್ ಮಿತಿ. ಇದೇ ಹೆಸರಿನ, ಟಿ ಇಲ್ಲದ ಪ್ರೊಸೆಸರ್‌ಗೆ 65 ವ್ಯಾಟ್. ಒಂದು ಲೀಟರ್ ಡಬ್ಬದಲ್ಲಿ ಬಿಸಿಗಾಳಿ ಹೊರಹೋಗಲು ಜಾಗ ಕಡಿಮೆ ಇರುವುದರಿಂದ ಸಾಮಾನ್ಯವಾಗಿ ಟಿ ಪ್ರೊಸೆಸರ್ ಹಾಕುತ್ತಾರೆ.

ಬಿಲ್ ಹಾಕುವುದು, ಬ್ರೌಸರ್ ತೆರೆಯುವುದು, ಪಿಡಿಎಫ್ ಪ್ರಿಂಟ್ ಮಾಡುವುದು ಇವೆಲ್ಲ ಕ್ಷಣದ ಕೆಲಸಗಳು. ಪ್ರೊಸೆಸರ್ ಒಮ್ಮೆ ಜಿಗಿದು ಮುಗಿಸಿ ಸುಮ್ಮನಾಗುತ್ತದೆ. ಇಂಥ ಕೆಲಸದಲ್ಲಿ 35 ವ್ಯಾಟ್‌ಗೂ 65 ವ್ಯಾಟ್‌ಗೂ ವ್ಯತ್ಯಾಸ ಕಾಣುವುದಿಲ್ಲ. ಮದುವೆಯ ವಿಡಿಯೋವನ್ನು ಗಂಟೆಗಟ್ಟಲೆ ರೆಂಡರ್ ಮಾಡುವಾಗ ಮಾತ್ರ ಡಬ್ಬ ಬಿಸಿಯೇರಿ ವೇಗ ಇಳಿಯುತ್ತದೆ. ಹಾಗಾಗಿ ನಿಮ್ಮ ಕೆಲಸ ಕ್ಷಣದ್ದೋ ಗಂಟೆಗಳದ್ದೋ ಎಂದು ಮೊದಲು ತೀರ್ಮಾನಿಸಿಕೊಳ್ಳಿ. ನಮ್ಮಲ್ಲಿ ಹೆಚ್ಚಿನವರ ಕೆಲಸ ಕ್ಷಣದ್ದೇ.

ಎನ್100 ಬಗ್ಗೆ ಒಂದು ಮಾತು. 2023ರ ಆರಂಭದಲ್ಲಿ ಬಂದ ಇದು ನಾಲ್ಕು ಕೋರ್‌ನ, 6 ವ್ಯಾಟ್ ಮಟ್ಟದ ಪ್ರೊಸೆಸರ್. ಆನ್‌ಲೈನ್ ಪಾಠ, ಟೈಪಿಂಗ್, ಬಿಲ್ಲಿಂಗ್‌ಗೆ ಸಾಕು. ಆದರೆ ರ‍್ಯಾಮ್‌ಗೆ ಇರುವುದು ಒಂದೇ ಚಾನೆಲ್, ಇಂಟೆಲ್ ಹೇಳುವ ಮಿತಿ 16 ಜಿಬಿ. ಎಷ್ಟೋ ಡಬ್ಬಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 8 ಜಿಬಿ ಬೆಸುಗೆ ಹಾಕಿದ ಎನ್100 ಡಬ್ಬ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಪ್ರೊಸೆಸರ್ ಸುಸ್ತಾಗುವ ಮೊದಲೇ ರ‍್ಯಾಮ್ ತುಂಬಿ ಯಂತ್ರ ಮೂಲೆ ಸೇರುತ್ತದೆ.

ಬೆಸುಗೆ ಹಾಕುವುದೇಕೆ?

ಬೆಸುಗೆ ಎಂದರೆ ಬರೀ ವ್ಯಾಪಾರದ ತಂತ್ರ ಎಂದು ತಳ್ಳಿಹಾಕುವಂತಿಲ್ಲ. ಅದರಿಂದ ನಿಜವಾದ ಲಾಭವಿದೆ. ಹಳೆಯ ಮಿನಿ ಪಿಸಿಯಲ್ಲಿ ಡಿಡಿಆರ್4-2666 ರ‍್ಯಾಮ್‌ನ ಒಂದು ಸ್ಟಿಕ್ ಇದ್ದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 21 ಜಿಬಿ ಮಾಹಿತಿ ಹರಿಯುತ್ತದೆ. ಎರಡು ಸ್ಟಿಕ್ ಹಾಕಿದರೆ 42 ಜಿಬಿ. ಮ್ಯಾಕ್ ಮಿನಿ ಎಂ4ನಲ್ಲಿ ರ‍್ಯಾಮ್ ಪ್ರೊಸೆಸರ್ ಪಕ್ಕದಲ್ಲೇ ಅಂಟಿಕೊಂಡಿರುವುದರಿಂದ ಈ ಹರಿವು 120 ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರದ ಕೆಲಸವೂ ಇದೇ ರ‍್ಯಾಮ್ ಮೇಲೆ ನಡೆಯುವುದರಿಂದ ವಿಡಿಯೋ, ಫೋಟೋ, ಎಐ ಕೆಲಸಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ರ‍್ಯಾಮ್ ದೂರದ ಸಾಕೆಟ್‌ನಲ್ಲಿದ್ದರೆ ಇಷ್ಟು ವೇಗ ಕಡಿಮೆ ಕರೆಂಟಿನಲ್ಲಿ ದಕ್ಕುವುದು ಕಷ್ಟ.

ಆದರೆ ಆ ವೇಗಕ್ಕೆ ಬೆಲೆ ತೆರಬೇಕು. ಎಂ4 ಮ್ಯಾಕ್ ಮಿನಿ ಭಾರತಕ್ಕೆ ಬಂದಾಗ 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್‌ನ ಮಾದರಿಗೆ 59,900 ರೂಪಾಯಿ ಇತ್ತು. ಸ್ಟೋರೇಜ್ 512 ಜಿಬಿ ಬೇಕೆಂದರೆ 79,900. ಅಂದರೆ ಹೆಚ್ಚುವರಿ 256 ಜಿಬಿಗೆ 20,000 ರೂಪಾಯಿ. ರ‍್ಯಾಮ್ ಕೂಡ 24 ಜಿಬಿ ಬೇಕೆಂದರೆ 99,900. ಆಪಲ್ ಯಾವಾಗಲೂ ಹೀಗಿರಲಿಲ್ಲ. 2018ರ ಮ್ಯಾಕ್ ಮಿನಿಯಲ್ಲಿ ರ‍್ಯಾಮ್ ಸಾಕೆಟ್‌ನಲ್ಲೇ ಇತ್ತು. 2020ರ ಎಂ1 ಮಾದರಿಯಿಂದ ಅದು ಪ್ರೊಸೆಸರ್ ಜೊತೆ ಒಂದಾಯಿತು.

ಹಾಗಾದರೆ ಮ್ಯಾಕ್ ಮಿನಿ ಬೇಡವೇ? ಫೋಟೋ ಸ್ಟುಡಿಯೋ ನಡೆಸುವವರಿಗೆ, ವಿಡಿಯೋ ಎಡಿಟಿಂಗ್ ಕಲಿಯುವವರಿಗೆ 16 ಜಿಬಿಯ ಮೂಲ ಮಾದರಿ ಬೆಲೆಗೆ ತಕ್ಕ ಯಂತ್ರವೇ. ಒಳಗಿನ ಸ್ಟೋರೇಜ್‌ಗೆ ಹೆಚ್ಚು ಹಣ ಹಾಕದೆ ಹೊರಗಿನಿಂದ ಎಸ್‌ಎಸ್‌ಡಿ ಜೋಡಿಸಿಕೊಳ್ಳಿ. ರ‍್ಯಾಮ್‌ಗೆ ಮಾತ್ರ ಇಂಥ ಅಡ್ಡದಾರಿ ಇಲ್ಲ. 16 ಸಾಲದು ಎಂಬ ಅನುಮಾನವಿದ್ದರೆ ಕೊಳ್ಳುವ ದಿನವೇ ಹೆಚ್ಚಿಸಿಕೊಳ್ಳಬೇಕು, ಮರುದಿನ ಸಾಧ್ಯವಿಲ್ಲ. ಅಂಗಡಿಯವರಿಗೆ ಇನ್ನೊಂದು ಎಚ್ಚರಿಕೆ: ಟ್ಯಾಲಿ ವಿಂಡೋಸ್‌ಗೆಂದು ತಯಾರಾದ ತಂತ್ರಾಂಶ, ಮ್ಯಾಕ್‌ನಲ್ಲಿ ನೇರವಾಗಿ ನಡೆಯದು. ಕನ್ನಡ ಡಿಟಿಪಿಯವರು ಬಳಸುವ ನುಡಿಯದ್ದೂ ಅದೇ ಕಥೆ.

ಮುಚ್ಚಳ ತೆಗೆದಾಗ ಕಾಣುವುದೇನು?

ಕಚೇರಿ ದರ್ಜೆಯ ಒಂದು ಲೀಟರ್ ಡಬ್ಬದ ಹಿಂಬದಿಯಲ್ಲಿ ಒಂದೇ ಸ್ಕ್ರೂ ಇರುತ್ತದೆ. ಎಷ್ಟೋ ಮಾದರಿಗಳಲ್ಲಿ ಅದನ್ನು ಬೆರಳಿನಿಂದಲೇ ಬಿಚ್ಚಬಹುದು. ಮುಚ್ಚಳವನ್ನು ಮುಂದಕ್ಕೆ ಸರಿಸಿದರೆ ಕೈಗೆ ಬರುತ್ತದೆ. ಮೊದಲು ಕಾಣುವುದು ಎರಡೂವರೆ ಇಂಚಿನ ಡ್ರೈವ್ ಕೂರಿಸುವ ಚೌಕಟ್ಟು. ಅದರ ಪಕ್ಕದಲ್ಲಿ ದುಂಡನೆಯ ಫ್ಯಾನ್, ಅದರಡಿ ಪ್ರೊಸೆಸರ್. ಚೌಕಟ್ಟನ್ನೋ ಫ್ಯಾನನ್ನೋ ಎತ್ತಿದರೆ ರ‍್ಯಾಮ್ ಸ್ಲಾಟ್‌ಗಳು ಸಿಗುತ್ತವೆ. ಥಿಂಕ್‌ಸೆಂಟರ್ ಟೈನಿಯ ಕೆಲವು ಮಾದರಿಗಳಲ್ಲಿ ಅವು ತಳಭಾಗದಲ್ಲಿವೆ, ಕೆಳಗಿನ ಮುಚ್ಚಳ ತೆಗೆಯಬೇಕು. ಅಲ್ಲೇ ಚೂಯಿಂಗ್ ಗಮ್ ಪಟ್ಟಿಯಗಲದ ಎಂ.2 ಎಸ್‌ಎಸ್‌ಡಿಯೂ ಒಂದು ಪುಟ್ಟ ಸ್ಕ್ರೂನಿಂದ ಕೂತಿರುತ್ತದೆ.

ಇಲ್ಲಿರುವ ರ‍್ಯಾಮ್ ಲ್ಯಾಪ್‌ಟಾಪ್ ರ‍್ಯಾಮ್. ಇದು ನಮಗೆ ಅನುಕೂಲ. ಲ್ಯಾಪ್‌ಟಾಪ್ ರಿಪೇರಿ ಮಾಡುವ ಅಂಗಡಿ ಎಲ್ಲಿದೆಯೋ ಅಲ್ಲಿ ಇದರ ಬಿಡಿಭಾಗವೂ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್ ಕೆಟ್ಟು ಮನೆಯಲ್ಲಿ ಬಿದ್ದಿದ್ದರೆ, ಅದರದ್ದೂ ಡಿಡಿಆರ್4 ಆಗಿದ್ದರೆ, ಆ ಸ್ಟಿಕ್ ಇಲ್ಲಿಗೆ ಬರಬಹುದು. ಕೊಳ್ಳುವಾಗ 8 ಜಿಬಿಯ ಎರಡು ಸ್ಟಿಕ್‌ಗಳಿವೆಯೋ 16 ಜಿಬಿಯ ಒಂದಿದೆಯೋ ಕೇಳಿ. ಎರಡು ಸ್ಟಿಕ್ ಇದ್ದರೆ ಇವತ್ತು ವೇಗ ಹೆಚ್ಚು. ಒಂದೇ ಇದ್ದರೆ ನಾಳೆ ಇನ್ನೊಂದು ಸೇರಿಸಲು ಸ್ಲಾಟ್ ಖಾಲಿ.

ಮುಚ್ಚಳ ತೆಗೆಯಲು ಅಂಗಡಿಯವರು ಒಪ್ಪದಿದ್ದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿಸಿ. ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲಿನ ಎದುರು ಎರಡರಲ್ಲಿ ಎಷ್ಟು ತುಂಬಿದೆ ಎಂಬ ಲೆಕ್ಕ ಕಾಣುತ್ತದೆ. ಬೆಸುಗೆ ಹಾಕಿದ ಯಂತ್ರಗಳಲ್ಲಿ ಈ ಸಾಲನ್ನು ಪೂರ್ತಿ ನಂಬುವಂತಿಲ್ಲ, ಅಂಥ ಕಡೆ ಮಾದರಿ ಸಂಖ್ಯೆ ಹಿಡಿದು ಕಂಪನಿಯ ವಿವರಪತ್ರ ನೋಡಬೇಕು.

ವಿಸ್ತರಣೆ ಎಂದರೆ ಎಲ್ಲವೂ ಸಾಧ್ಯ ಎಂದಲ್ಲ. ಒಂದು ಲೀಟರ್ ಡಬ್ಬದಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಅನೇಕ ಕಡೆ ವೈಫೈ ಕಾರ್ಡ್ ಬದಲಾಯಿಸಬಹುದು. ಪ್ರೊಸೆಸರ್ ಸಾಕೆಟ್‌ನಲ್ಲಿದ್ದರೂ ಬದಲಾಯಿಸುವವರು ಅಪರೂಪ. ಆ ಬೋರ್ಡಿಗೆ ಹೊಂದುವ ಇನ್ನೂ ಶಕ್ತಿಶಾಲಿ ಟಿ ಪ್ರೊಸೆಸರ್ ಹುಡುಕಿ ತರುವ ಖರ್ಚಿಗೆ ಮುಂದಿನ ತಲೆಮಾರಿನ ಯಂತ್ರವೇ ಹತ್ತಿರ ಬರುತ್ತದೆ. ಗ್ರಾಫಿಕ್ಸ್ ಕಾರ್ಡ್‌ಗೆ ಹೆಚ್ಚಿನ ಮಾದರಿಗಳಲ್ಲಿ ಜಾಗವೇ ಇಲ್ಲ. ಅದು ಬೇಕಿದ್ದರೆ ಎಸ್‌ಎಫ್‌ಎಫ್ ಕ್ಯಾಬಿನೆಟ್ ನೋಡಿ. ಅದರ ಸ್ಲಾಟ್ ಕೊಡುವುದು ಗರಿಷ್ಠ 75 ವ್ಯಾಟ್. ಎನ್‌ವಿಡಿಯಾದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್‌ನದು, ಅರ್ಧ ಎತ್ತರದಲ್ಲೂ ಸಿಗುತ್ತದೆ, ಬೇರೆ ಪವರ್ ಕೇಬಲ್ ಕೇಳುವುದಿಲ್ಲ. ಕಾರ್ಡ್ ತರುವ ಮುನ್ನ ಕ್ಯಾಬಿನೆಟ್‌ನ ಪವರ್ ಸಪ್ಲೈ ಎಷ್ಟು ವ್ಯಾಟ್‌ನದು ಎಂದು ಮಾತ್ರ ನೋಡಿಕೊಳ್ಳಿ.

ಧೂಳು, ಕರೆಂಟು ಮತ್ತು ದೂರ

ಕಂಪನಿಗಳ ಜಾಹೀರಾತಿನಲ್ಲಿ ಬಾರದ, ನಮ್ಮೂರಿನಲ್ಲಿ ಮಾತ್ರ ಎಣಿಸಬೇಕಾದ ಮೂರು ವಿಷಯಗಳಿವೆ.

ಮೊದಲು ಧೂಳು. ಶತಮಾನಕ್ಕೂ ಮಿಕ್ಕಿ ಚಿನ್ನ ತೆಗೆದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಿರು ಅರೆದು ಉಳಿದ ಪುಡಿಯ ಗುಡ್ಡಗಳು, ನಾವು ಸೈನೈಡ್ ದಿಬ್ಬ ಎನ್ನುವವು, ಇನ್ನೂ ಊರ ಮಧ್ಯೆಯೇ ಇವೆ. ಅವುಗಳಲ್ಲಿರುವುದು ಸುಮಾರು 3.3 ಕೋಟಿ ಟನ್ ನುಣುಪು ಮಣ್ಣು. ಗಾಳಿ ಎದ್ದ ದಿನ ಅದು ಕಿಟಕಿಯ ಸಂದಿಯಲ್ಲೂ ನುಗ್ಗುತ್ತದೆ. ಮಿನಿ ಪಿಸಿಯ ಫ್ಯಾನ್ ಚಿಕ್ಕದು, ಶಾಖ ಹೊರಹಾಕುವ ರೆಕ್ಕೆಗಳ ನಡುವಿನ ಅಂತರ ಇನ್ನೂ ಚಿಕ್ಕದು. ಅಲ್ಲಿ ಧೂಳು ಕಟ್ಟಿಕೊಂಡರೆ ಫ್ಯಾನ್ ಕೂಗತೊಡಗುತ್ತದೆ, ಆಮೇಲೆ ಯಂತ್ರ ನಿಧಾನವಾಗುತ್ತದೆ. ‘ಕಂಪ್ಯೂಟರ್ ಹಳೆಯದಾಯಿತು’ ಎಂದು ನಾವು ತೀರ್ಮಾನಿಸುವುದು ಆಗಲೇ. ಒಂದು ಸ್ಕ್ರೂನಿಂದ ತೆರೆಯುವ ಡಬ್ಬವಾದರೆ ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬಹುದು. ಗಾಳಿ ಊದುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಅಂಟಿನಿಂದ ಮುಚ್ಚಿದ ಡಬ್ಬವಾದರೆ ಇದು ಆಗದ ಕೆಲಸ. ಹಾಗಾಗಿ ಬಿಚ್ಚಲು ಬರುವುದು ಎಂದರೆ ಇಲ್ಲಿ ಅಪ್‌ಗ್ರೇಡ್ ಮಾತ್ರವಲ್ಲ, ಆಯುಷ್ಯ ಕೂಡ.

ಎರಡನೆಯದು ಕರೆಂಟು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು ನಮ್ಮದು. ಆದರೂ ಮಳೆಗಾಳಿಗೆ ಕರೆಂಟ್ ಹೋಗಿ ಬರುವುದು ತಪ್ಪಿಲ್ಲ, ಮಿನಿ ಪಿಸಿಗೆ ಲ್ಯಾಪ್‌ಟಾಪ್‌ನಂತೆ ಬ್ಯಾಟರಿಯೂ ಇಲ್ಲ. 600 ವಿಎ ಯುಪಿಎಸ್ ಸಾಕು. ಅದರೊಳಗಿನ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 84 ವ್ಯಾಟ್ ಅವರ್ ಶಕ್ತಿ ಇರುತ್ತದೆ. ಅರ್ಧ ನಷ್ಟವಾಗುತ್ತದೆ ಎಂದು ಹಿಡಿದರೂ ಮಿನಿ ಪಿಸಿ ಮತ್ತು ಮಾನಿಟರ್ ಸೇರಿ 40 ವ್ಯಾಟ್ ಎಳೆದರೆ ಸುಮಾರು ಒಂದು ಗಂಟೆ ನಡೆಯುತ್ತದೆ. ಮಾನಿಟರ್ ಸೇರಿ ನೂರು ವ್ಯಾಟ್ ಎಳೆಯುವ ಹಳೆಯ ಟವರ್‌ಗೆ ಅದೇ ಯುಪಿಎಸ್ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಬಾರದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಕ್ಷಣದಲ್ಲಿ ಯಂತ್ರ ರೀಸ್ಟಾರ್ಟ್ ಆಗಬಹುದು.

ತಿಂಗಳ ಲೆಕ್ಕವನ್ನೂ ನೋಡಿ. ಮಾನಿಟರ್ ಬಿಟ್ಟು ಟವರ್ 60 ವ್ಯಾಟ್, ಮಿನಿ 15 ವ್ಯಾಟ್ ಎಂದು ಇಟ್ಟುಕೊಳ್ಳಿ. ದಿನಕ್ಕೆ ಎಂಟು ಗಂಟೆಯಂತೆ 30 ದಿನಕ್ಕೆ ಟವರ್‌ಗೆ 14.4 ಯೂನಿಟ್, ಮಿನಿಗೆ 3.6 ಯೂನಿಟ್. ಗೃಹಜ್ಯೋತಿಯ ಮಿತಿಯೊಳಗೆ ಇರಲು ಎಚ್ಚರ ವಹಿಸುವ ಮನೆಗಳಿಗೆ ತಿಂಗಳಿಗೆ ಹತ್ತು ಯೂನಿಟ್ ಸಣ್ಣದಲ್ಲ. ಅಂಗಡಿಗಾದರೆ ನೇರವಾಗಿ ದುಡ್ಡೇ.

ಮೂರನೆಯದು ದೂರ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ದಿನವೂ ಕೆಲಸಕ್ಕೆ ಹೋಗಿಬರುವವರು ನಮ್ಮಲ್ಲಿ ಬಹಳ. ಎಸ್‌.ಪಿ. ರಸ್ತೆಯಿಂದ ಒಂದು ಎಸ್‌ಎಸ್‌ಡಿ ತರಿಸಿಕೊಳ್ಳುವುದು ಅವರಿಂದ ಆಗುವ ಕೆಲಸ. ಆದರೆ ಬೋರ್ಡ್ ಸುಟ್ಟರೆ, ಬೆಸುಗೆ ಹಾಕಿದ ರ‍್ಯಾಮ್ ಕೈಕೊಟ್ಟರೆ ಇಡೀ ಯಂತ್ರವನ್ನೇ ಹೊತ್ತುಕೊಂಡು ಸರ್ವಿಸ್ ಸೆಂಟರ್‌ಗೆ ಅಲೆಯಬೇಕು, ಅಷ್ಟು ದಿನ ಅಂಗಡಿಯ ಬಿಲ್ಲಿಂಗ್ ನಿಲ್ಲುತ್ತದೆ. ಹೊಸ ಯಂತ್ರ ಕೊಳ್ಳುವ ವ್ಯಾಪಾರಿಗಳು ಕಚೇರಿ ದರ್ಜೆಯ ಮಾದರಿಯನ್ನೇ ಆರಿಸಿ, ಆನ್‌ಸೈಟ್ ವಾರಂಟಿ 563122 ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಜಿಎಸ್‌ಟಿ ಬಿಲ್ ತಪ್ಪದೆ ಇರಲಿ. ನೋಂದಣಿಯಿರುವ ಅಂಗಡಿಗೆ ಕಂಪ್ಯೂಟರ್ ಮೇಲಿನ ಶೇ 18ರ ತೆರಿಗೆಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯುವ ಅವಕಾಶವಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಪಟ್ಟಿ

ಕಡಿಮೆ ದುಡ್ಡಿಗೆ ಹೆಚ್ಚು ಯಂತ್ರ ಸಿಗುವುದು ರೀಫರ್ಬಿಷ್ಡ್ ಮಾರುಕಟ್ಟೆಯಲ್ಲೇ. ಆದರೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಈ ಮಾರುಕಟ್ಟೆ ಎರಡು ಹೋಳಾಗಿದೆ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಿರುವುದು ಇಂಟೆಲ್ ಎಂಟನೇ ತಲೆಮಾರು ಅಥವಾ ನಂತರದ್ದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಆರು, ಏಳನೇ ತಲೆಮಾರಿನ ಡಬ್ಬಗಳು ಅಗ್ಗವಾಗಿ ಕೈಗೆ ಬರುತ್ತಿರುವುದಕ್ಕೆ ಇದೇ ಕಾರಣ. ಲಿನಕ್ಸ್ ಹಾಕಿಕೊಂಡು ಓದಲು, ಪ್ರೋಗ್ರಾಮಿಂಗ್ ಕಲಿಯಲು ಅವು ಈಗಲೂ ಒಳ್ಳೆಯ ಯಂತ್ರಗಳು. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ಇರುವುದರಿಂದ ಕನ್ನಡ ಟೈಪಿಂಗ್‌ಗೂ ತೊಂದರೆಯಿಲ್ಲ. ಆದರೆ ಬ್ಯಾಂಕಿಂಗ್, ಟ್ಯಾಲಿ, ಸೇವಾಸಿಂಧು ಅರ್ಜಿಗಳ ಕೆಲಸ ನಡೆಯುವ ಅಂಗಡಿಗೆ ಎಂಟನೇ ತಲೆಮಾರಿಗಿಂತ ಕೆಳಗಿನದು ಬೇಡ. ಭದ್ರತಾ ಅಪ್‌ಡೇಟ್ ಬಾರದ ಯಂತ್ರದಲ್ಲಿ ಗಿರಾಕಿಗಳ ಆಧಾರ್ ಪ್ರತಿ ಇಟ್ಟುಕೊಳ್ಳುವುದು ತಪ್ಪು.

ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಇವಿಷ್ಟನ್ನು ಪರೀಕ್ಷಿಸಿ:

ಅಡಾಪ್ಟರ್ ಅಸಲಿಯೇ? ಡೆಲ್ ಅಡಾಪ್ಟರ್‌ನ ಮಧ್ಯದ ಸಣ್ಣ ಪಿನ್ ಯಂತ್ರಕ್ಕೆ ತನ್ನ ಗುರುತು ಹೇಳುತ್ತದೆ. ಗುರುತು ಸಿಗದಿದ್ದರೆ ಯಂತ್ರ ಆನ್ ಆಗುತ್ತದೆ, ಆದರೆ ಪ್ರೊಸೆಸರ್ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆನ್ ಮಾಡುವಾಗ ಅಡಾಪ್ಟರ್ ಬಗ್ಗೆ ಎಚ್ಚರಿಕೆ ಬಂದರೆ ಬೇರೆ ಕೊಡಿಸಿ. ಅಡಾಪ್ಟರ್ ಮೇಲೆ ಐಎಸ್ 13252 ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು.

ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆಗೆ) ಪಾಸ್‌ವರ್ಡ್ ಇದೆಯೇ? ಹಿಂದಿನ ಕಂಪನಿ ಹಾಕಿದ ಪಾಸ್‌ವರ್ಡ್ ಉಳಿದಿದ್ದರೆ ಮುಂದೆ ಒಂದು ಸೆಟ್ಟಿಂಗ್ ಕೂಡ ಬದಲಾಯಿಸಲಾಗದು. ಅಂಗಡಿಯಲ್ಲೇ ಬಯಾಸ್ ತೆರೆಸಿ ನೋಡಿ.

ಎಸ್‌ಎಸ್‌ಡಿಯ ಆರೋಗ್ಯ ಹೇಗಿದೆ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಇದನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಬಹಳ ಸವೆದಿದ್ದರೆ ಹೊಸದರ ಬೆಲೆಯನ್ನು ಕಳೆದು ಚೌಕಾಸಿ ಮಾಡಿ.

ವೈಫೈ ಇದೆಯೇ? ಕಚೇರಿಯಲ್ಲಿ ಕೇಬಲ್ ಮೇಲೆ ನಡೆದ ಎಷ್ಟೋ ಡಬ್ಬಗಳಲ್ಲಿ ವೈಫೈ ಕಾರ್ಡೂ ಇಲ್ಲ, ಆಂಟೆನಾವೂ ಇಲ್ಲ.

ಮಾನಿಟರ್‌ಗೆ ಯಾವ ಕೇಬಲ್? ಈ ಡಬ್ಬಗಳಲ್ಲಿ ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಇರುವುದು ಸಾಮಾನ್ಯ. ಮನೆಯ ಹಳೆಯ ಮಾನಿಟರ್‌ಗೆ ವಿಜಿಎ ಮಾತ್ರ ಇದ್ದರೆ ಕನ್ವರ್ಟರ್ ಬೇಕು, ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಯುಎಸ್‌ಬಿ ಪೋರ್ಟ್‌ಗಳೆಷ್ಟು? ಕೀಬೋರ್ಡ್, ಮೌಸ್, ಪ್ರಿಂಟರ್, ಸ್ಕ್ಯಾನರ್, ಹೆಬ್ಬೆಟ್ಟಿನ ಬಯೋಮೆಟ್ರಿಕ್ ಯಂತ್ರ ಎಲ್ಲ ಎಣಿಸಿ ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳಿ.

ಕಿಯೋ: ಹತ್ತೊಂಬತ್ತು ಸಾವಿರದ ಪ್ರಶ್ನೆ

ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ‘ಕಿಯೋ’ ಎಂಬ ಪುಟ್ಟ ಡೆಸ್ಕ್‌ಟಾಪ್ ಪರಿಚಯಿಸಿತು. ಹೇಳಿದ ಬೆಲೆ 18,999 ರೂಪಾಯಿ. ಒಳಗಿರುವುದು ಮುಕ್ತ ವಿನ್ಯಾಸದ ರಿಸ್ಕ್-ವಿ ಪ್ರೊಸೆಸರ್, ಲಿನಕ್ಸ್ ಆಧಾರಿತ ವ್ಯವಸ್ಥೆ, ಶಾಲಾ ಪಠ್ಯಕ್ಕೆ ನೆರವಾಗುವ ಎಐ ಸಹಾಯಕ. ಮಕ್ಕಳ ಕೈಗೆ ಕಂಪ್ಯೂಟರ್ ಸಿಗಬೇಕೆಂಬ ಈ ಪ್ರಯತ್ನವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸರ್ಕಾರಿ ಶಾಲೆಯ ಲ್ಯಾಬ್‌ಗೆ, ಓದುವ ಮಗುವಿನ ಮನೆಗೆ ಇದನ್ನು ಪರಿಗಣಿಸಬಹುದು. ಆದರೆ ತಿಳಿದುಕೊಂಡು ಕೊಳ್ಳಿ: ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆಂದು ಬರೆದ ವಿಂಡೋಸ್ ತಂತ್ರಾಂಶಗಳು ರಿಸ್ಕ್-ವಿ ಮೇಲೆ ನೇರವಾಗಿ ನಡೆಯುವುದಿಲ್ಲ. ಬಿಲ್ಲಿಂಗ್ ಅಂಗಡಿಗೆ ಇದು ಹೊಂದುವ ಯಂತ್ರವಲ್ಲ. ಇದೇ ಬೆಲೆಯ ಆಸುಪಾಸಿನಲ್ಲಿ ಬಿಚ್ಚಿ ಜೋಡಿಸಬಹುದಾದ ಎಂಟನೇ ತಲೆಮಾರಿನ ರೀಫರ್ಬಿಷ್ಡ್ ಡಬ್ಬ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಕೆಲಸ ಯಾವುದರಲ್ಲಿ ನಡೆಯುತ್ತದೆ ಎಂದು ನೋಡಿ ನಿರ್ಧರಿಸಿ.

ನಾಳೆ ಅಗ್ಗವಾಗುತ್ತದೆಯೇ?

‘ಈಗ 8 ಜಿಬಿ ಸಾಕು, ರ‍್ಯಾಮ್ ಅಗ್ಗವಾದಾಗ ಹಾಕಿಸೋಣ’ ಎಂಬುದು ನಮ್ಮೆಲ್ಲರ ರೂಢಿಯ ಲೆಕ್ಕ. 2025ರ ಕೊನೆಯಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆಂದು ನಡೆಸುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಮುಂದೆ ಅಗ್ಗವಾಗುತ್ತದೆ ಎಂಬ ಆಸೆಯ ಮೇಲೆ ಅರೆಬರೆ ಯಂತ್ರ ಕೊಳ್ಳುವುದು ಈಗ ಜಾಣತನವಲ್ಲ. ಮೊದಲ ದಿನದ ಕೆಲಸಕ್ಕೆ ಬೇಕಾದಷ್ಟು ರ‍್ಯಾಮ್ ಇರುವುದನ್ನೇ ಕೊಳ್ಳಿ. ಸಾಮಾನ್ಯ ಮನೆಗೆ, ಅಂಗಡಿಗೆ ಅದು 16 ಜಿಬಿ. ಸ್ಲಾಟ್ ಇರಬೇಕಾದದ್ದು ಅಗ್ಗದ ಆಸೆಗಲ್ಲ, ಕೆಟ್ಟಾಗ ಬದಲಾಯಿಸಲು ಮತ್ತು ಕೆಲಸ ಬೆಳೆದಾಗ ಸೇರಿಸಲು.

ಬೆಲೆಯನ್ನು ಕೊಳ್ಳುವ ದಿನದ ಮೊತ್ತದಿಂದ ಅಳೆಯಬೇಡಿ, ವರ್ಷದ ಲೆಕ್ಕದಿಂದ ಅಳೆಯಿರಿ. ಉದಾಹರಣೆಗೆ 20,000 ರೂಪಾಯಿಗೆ ಬಿಚ್ಚಬಹುದಾದ ಡಬ್ಬ ಕೊಂಡು, ಮೂರನೇ ವರ್ಷ ಎಸ್‌ಎಸ್‌ಡಿ, ರ‍್ಯಾಮ್‌ಗೆ 6,000 ಹಾಕಿ ಐದು ವರ್ಷ ಬಳಸಿದರೆ ವರ್ಷಕ್ಕೆ 5,200 ರೂಪಾಯಿ. 14,000ಕ್ಕೆ ಬೆಸುಗೆಯ 8 ಜಿಬಿ ಡಬ್ಬ ಕೊಂಡು ಎರಡು ವರ್ಷಕ್ಕೆ ಸಾಲದಾದರೆ ವರ್ಷಕ್ಕೆ 7,000. 60,000ದ ವೇಗದ ಯಂತ್ರ ಆರು ವರ್ಷ ಬಂದರೆ ವರ್ಷಕ್ಕೆ 10,000. ಅದರಿಂದ ಸಂಪಾದನೆ ಇದ್ದರೆ ಈ ಕೊನೆಯದೂ ನ್ಯಾಯವೇ. ಬರೀ ಬ್ರೌಸರ್ ತೆರೆಯಲಾದರೆ ದಂಡ.

ಯಾರಿಗೆ ಯಾವುದು?

ಎಸ್ಸೆಸ್ಸೆಲ್ಸಿ, ಪಿಯು, ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳ ಮನೆಗೆ ಎಂಟನೇ ತಲೆಮಾರಿನ ಅಥವಾ ನಂತರದ ಕಚೇರಿ ದರ್ಜೆಯ ಡಬ್ಬ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಉಳಿದ ಹಣದಲ್ಲಿ ಒಳ್ಳೆಯ ಮಾನಿಟರ್ ಕೊಳ್ಳಿ, ಎರಡು ಯಂತ್ರಗಳ ಕಾಲಕ್ಕೆ ಅದು ಬಾಳುತ್ತದೆ.

ಬಿಲ್ಲಿಂಗ್, ಜೆರಾಕ್ಸ್, ಆನ್‌ಲೈನ್ ಸೇವೆಯ ಅಂಗಡಿಗೆ ಇದೇ ಜಾತಿಯ ಹೊಸ ಯಂತ್ರ, ಆನ್‌ಸೈಟ್ ವಾರಂಟಿ, ಯುಪಿಎಸ್ ಮತ್ತು ಪ್ರತಿದಿನದ ಬ್ಯಾಕಪ್.

ಫೋಟೋ, ವಿಡಿಯೋ ಕೆಲಸದವರು ಎರಡರಲ್ಲಿ ಒಂದನ್ನು ಆರಿಸಬೇಕು: ಇವತ್ತಿನ ವೇಗವೇ ಮುಖ್ಯವಾದರೆ ಮ್ಯಾಕ್ ಮಿನಿ ಮತ್ತು ಹೊರಗಿನ ಎಸ್‌ಎಸ್‌ಡಿ, ಮುಂದೆ ಬೆಳೆಸಿಕೊಳ್ಳುವುದು ಮುಖ್ಯವಾದರೆ ಎಸ್‌ಎಫ್‌ಎಫ್ ಕ್ಯಾಬಿನೆಟ್ ಮತ್ತು ಅರ್ಧ ಎತ್ತರದ ಕಾರ್ಡ್.

ಇನ್ನು ಯಾವ ಅಂಗಡಿಗೆ ಹೋದರೂ ಬೆಲೆ ಕೇಳುವ ಮುನ್ನ ಮೂರು ಪ್ರಶ್ನೆ ಕೇಳಿ: ರ‍್ಯಾಮ್ ಸ್ಲಾಟ್‌ನಲ್ಲಿದೆಯೋ ಬೆಸುಗೆಯೋ? ಎಸ್‌ಎಸ್‌ಡಿ ಬದಲಾಯಿಸಬಹುದೇ? ಕೆಟ್ಟರೆ ರಾಬರ್ಟ್‌ಸನ್‌ಪೇಟೆಯಲ್ಲೇ ಸರಿಪಡಿಸುವವರು ಯಾರು? ಮೂರಕ್ಕೂ ಸ್ಪಷ್ಟ ಉತ್ತರ ಸಿಕ್ಕರೆ ಮಾತ್ರ ಪರ್ಸ್ ತೆಗೆಯಿರಿ. ಉತ್ತರ ಸಿಗದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.